ಹರಿಯುವ ನೀರಲ್ಲೇ ಇಳಿಸಿದ ತಡೆ

‘ಎಲ್ಲಾ ಒಳ್ಳೇದಾಗುತ್ತೆ ಬಿಡು’ ಅನ್ನುವವರು ಒಂದು ಕಡೆ, ‘ಇನ್ನೇನೂ ಸರಿಹೋಗಲ್ಲ’ ಅನ್ನುವವರು ಇನ್ನೊಂದು ಕಡೆ. ನೋಡಿದರೆ ಇಬ್ಬರದೂ ಒಂದೇ ಧೈರ್ಯ: ನಾಳೆ ಏನಾಗುತ್ತೆ ಅಂತ ತಮಗೆ ಗೊತ್ತು ಅನ್ನೋದು. ನನಗಂತೂ ಗೊತ್ತಿಲ್ಲ. ಇಎಂಐ, ಲೇಆಫ್ ಸುದ್ದಿ, ಊರಲ್ಲಿ ವಯಸ್ಸಾಗುತ್ತಿರುವ ಅಪ್ಪ ಅಮ್ಮ, ಇಷ್ಟರ ನಡುವೆ ಇರುವ ನಿಮಗೂ ಗೊತ್ತಿರಲಿಕ್ಕಿಲ್ಲ. ಹಾಗಾದರೆ ನಂಬಿಕೆ ಅಂದರೆ ಏನು?

ನಮ್ಮ ಮನೆಯದೇ ಉದಾಹರಣೆ ಹೇಳ್ತೀನಿ. ಮನೆ ಹೊಸಪೇಟೆಯಲ್ಲಿ, ಭತ್ತದ ಗದ್ದೆ ಕಂಪ್ಲಿಯಲ್ಲಿ. ಸಂಡೂರಿನ ಅದಿರಿಗೆ ಬೆಲೆ ಏರಿದ್ದಾಗ ಚಿಕ್ಕಪ್ಪ ಗದ್ದೆ ಅಡವಿಟ್ಟು ಎರಡು ಲಾರಿ ತಂದರು. ಕಾಗದಕ್ಕೆ ಅಪ್ಪನೂ ಸಹಿ ಹಾಕಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗುಡ್ಡ ಉಳಿಯಲು ಆ ಆದೇಶ ಬೇಕೇ ಇತ್ತು. ಆದರೆ ಲಾರಿ ನಿಂತರೂ ಕಂತು ನಿಲ್ಲಲಿಲ್ಲ. ಸಾಲದ ಬಹುಪಾಲು ಅಪ್ಪ ತೀರಿಸಿದರು. ಲೆಕ್ಕ ಕೇಳಿದ ದಿನವೇ ಅಣ್ಣತಮ್ಮಂದಿರ ಮಾತು ನಿಂತಿತು. ಆಮೇಲೆ ಮದುವೆ ಊಟಕ್ಕೂ ಬೇರೆ ಬೇರೆ ಪಂಕ್ತಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ 32 ಗೇಟುಗಳನ್ನೂ ತೆರೆಯಬೇಕಾಯಿತು. ರೈತರ ವರ್ಷದ ನೀರು ಕಣ್ಣೆದುರೇ ಹಂಪಿ ದಾಟಿ ಹರಿದುಹೋಗುತ್ತಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರು ಜಲಾಶಯ ಖಾಲಿಯಾಗಲಿ ಅಂತ ಕಾಯಲಿಲ್ಲ. ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಲು ಹೊರಟರು. ಗೇಟಿನ ಜಾಗದಲ್ಲಿ ಒಂದರ ಮೇಲೊಂದು ಕೂರಿಸುವ ಉಕ್ಕಿನ ತಡೆ ಅದು. ಮೊದಲ ಪ್ರಯತ್ನ ಕೈಕೊಟ್ಟಿತು. ಸರಿಮಾಡಿ ಮತ್ತೆ ಇಳಿಸಿದರು. 16ರಂದು ಮೊದಲ ತುಂಡು ಕೂತಿತು, ಮರುದಿನದ ಹೊತ್ತಿಗೆ ಐದೂ ಕೂತವು.

ಆ ವಾರದ ನಡುವೆ ಕಂಪ್ಲಿಯಿಂದ ಚಿಕ್ಕಪ್ಪನ ಫೋನ್ ಬಂತು. ‘ಅಣ್ಣಾ, ಡ್ಯಾಮಿನ ಕಡೆ ಹೋಗಿದ್ದೇನು? ನೀರು ನಿಲ್ತಾವಂತಾ?’ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: ‘ಗೊತ್ತಿಲ್ಲಪ್ಪ. ಕೆಲಸ ನಡದೈತಿ.’

ನಂಬಿಕೆಯ ಬಗ್ಗೆ ಇದಕ್ಕಿಂತ ನೇರವಾದ ಮಾತು ನಾನು ಕೇಳಿಲ್ಲ. ಫಲ ಗೊತ್ತಿಲ್ಲ ಅಂತ ಒಪ್ಪಿಕೊಂಡೂ ಕೆಲಸ ಬಿಡದೇ ಇರೋದು. ಹಂಪಿಯಲ್ಲಿ 1565ರ ಸೋಲಿನ ನಂತರ ಹಾಳಾದ ಪೇಟೆ ಬೀದಿಯನ್ನು ಎಲ್ಲರೂ ನೋಡುತ್ತಾರೆ. ಅದರ ತುದಿಯಲ್ಲೇ ವಿರೂಪಾಕ್ಷನಿಗೆ ಇವತ್ತೂ ಪೂಜೆ ನಡೆಯುತ್ತದೆ. ಪೂಜೆ ಆ ರಾಜಧಾನಿಯನ್ನು ಮರಳಿ ತಂದುಕೊಟ್ಟಿಲ್ಲ. ಬೆಳಿಗ್ಗೆ ಗುಡಿ ಬಾಗಿಲು ತೆರೆಯುವವರು ಅದಕ್ಕಾಗಿ ಕಾದು ಕೂತಿಲ್ಲ.

ಹಾಗಂತ ಕಣ್ಣುಮುಚ್ಚಿ ನಂಬಿ ಅಂತಲ್ಲ. ನಾಳೆ ಚಿಕ್ಕಪ್ಪ ಮತ್ತೊಂದು ಸಹಿ ಕೇಳಿದರೆ ಬೇಡ ಅಂತ ಅಪ್ಪನಿಗೆ ನಾನೇ ಹೇಳ್ತೀನಿ. ಫೋನ್ ಎತ್ತೋದು ಬೇರೆ, ಅಡವಿನ ಕಾಗದಕ್ಕೆ ಸಹಿ ಹಾಕೋದು ಬೇರೆ. ಎರಡನ್ನೂ ಒಂದೇ ಅಂದುಕೊಳ್ಳೋದರಿಂದಲೇ ಎಷ್ಟೋ ಮನೆಗಳಲ್ಲಿ ಫೋನೂ ನಿಂತುಹೋಗಿದೆ. ಕ್ಷಮಿಸಿದರೆ ಮತ್ತೆ ಮೋಸ ಹೋಗಬೇಕು ಅನ್ನೋ ಭಯ. ಕ್ಷಮೆಗೂ ಅಳತೆ ಇರಬಹುದು.

ಸ್ಟಾಪ್‌ಲಾಗ್ ಗೇಟಲ್ಲ, ತಾತ್ಕಾಲಿಕ. ಹಳೆ ಗೇಟುಗಳ ಮೇಲೆ ಭಾರ ಬೀಳದಿರಲಿ ಅಂತ 2025ರಲ್ಲಿ ಡ್ಯಾಮಿನಲ್ಲಿ 80 ಟಿಎಂಸಿಯಷ್ಟೇ ನೀರು ನಿಲ್ಲಿಸಿದರು. ನಮ್ಮ ಮನೆಯಲ್ಲೂ ಲೆಕ್ಕ ಇನ್ನೂ ಬಗೆಹರಿದಿಲ್ಲ. ಅಣ್ಣತಮ್ಮಂದಿರು ಮಳೆ, ಗೊಬ್ಬರದ ರೇಟು, ಮಂಡಿನೋವು ಇಷ್ಟು ಮಾತಾಡುತ್ತಾರೆ, ದುಡ್ಡಿನ ಮಾತು ಬಂದರೆ ಫೋನ್ ಇಡುತ್ತಾರೆ. ಸದ್ಯಕ್ಕೆ ಇಷ್ಟು ನೀರು ನಿಂತಿದೆ. ಬೆಳೆಗೆ ಇಷ್ಟಾದರೂ ಬೇಕಿತ್ತು.