ಬೀಗ ಬಿದ್ದ ವಸತಿಗೃಹಕ್ಕೆ ನಮ್ಮ ಋಣವೇನು?



ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಹಳೇ ಪೇಟೆಗಳಲ್ಲಿ ಓಡಾಡಿದವರಿಗೆ ನಾನು ಹೇಳುತ್ತಿರುವ ಬಗೆಯ ಕಟ್ಟಡ ಗೊತ್ತಿರುತ್ತದೆ. ಕೆಳಗೆ ಹೋಟೆಲು, ಮೇಲೆ ಐದಾರು ಖೋಲಿ. ಕಡಿದಾದ ಮರದ ಮೆಟ್ಟಿಲು, ಮಂಗಳೂರು ಹೆಂಚಿನ ಮಾಡು, ಬಾಗಿಲ ಮೇಲೆ ಅರ್ಧ ಅಳಿಸಿಹೋದ ‘ಊಟ ಮತ್ತು ವಸತಿ’ ಎಂಬ ಬೋರ್ಡು. ಈಗ ಆ ಬಾಗಿಲಿಗೆ ಬೀಗ ಬಿದ್ದು ವರ್ಷಗಳಾಗಿವೆ. ಹೆಂಚು ಜಾರಿ ಮಳೆನೀರು ಒಳಗಿಳಿಯುತ್ತಿದೆ, ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಬೇರುಬಿಟ್ಟಿದೆ. ಇಂಥ ಕಟ್ಟಡವನ್ನು ಉಳಿಸಬೇಕೇ, ಕೆಡವಬೇಕೇ?

ಕುಟುಂಬ ಮತ್ತು ವಿಶ್ವಾಸದ ಪುಟದಲ್ಲಿ ಹೋಟೆಲಿನ ಮಾತೇಕೆ ಎಂದು ನೀವು ಕೇಳಬಹುದು. ಈ ಪ್ರಶ್ನೆ ಮೊದಲು ಏಳುವುದು ಸರ್ಕಾರಿ ಕಚೇರಿಯಲ್ಲಲ್ಲ, ಮನೆಯ ಪಡಸಾಲೆಯಲ್ಲಿ, ಅಣ್ಣತಮ್ಮಂದಿರು ಪಾಲಿಗೆ ಕುಳಿತ ದಿನ. ಒಬ್ಬನಿಗೆ ಮಗಳ ಮದುವೆ, ಇನ್ನೊಬ್ಬನಿಗೆ ಆಸ್ಪತ್ರೆಯ ಸಾಲ, ಮೂರನೆಯವನು ಬೆಂಗಳೂರಿನಲ್ಲಿದ್ದಾನೆ, ಅವನಿಗೆ ಊರೇ ಬೇಡ. ‘ಅಜ್ಜ ಕಟ್ಟಿಸಿದ್ದು’ ಎಂದು ಮಾತು ತೆಗೆಯುವವಳು ಸಾಮಾನ್ಯವಾಗಿ ಮನೆಯ ಹಿರಿಯ ಹೆಣ್ಣುಮಗಳು. ಆಕೆಯ ಪಾಲು ಎಷ್ಟು ಎಂಬುದನ್ನು ಮಾತ್ರ ಅಲ್ಲಿ ಯಾರೂ ಕೇಳಿರುವುದಿಲ್ಲ.

ಈ ವಸತಿಗೃಹಗಳು ಯಾಕೆ ಹುಟ್ಟಿದವು, ಯಾಕೆ ಮುಚ್ಚಿದವು ಎಂಬುದು ದೊಡ್ಡ ರಹಸ್ಯವೇನಲ್ಲ. ಪುಣೆ–ಬೆಂಗಳೂರು ರಸ್ತೆ ಒಂದು ಕಾಲಕ್ಕೆ ಊರೊಳಗೇ ಹಾದುಹೋಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹುಬ್ಬಳ್ಳಿ–ಹರಿಹರದ ರೈಲುಮಾರ್ಗವೂ ಬಂದಿತ್ತು. ಹತ್ತಿ, ಮೆಣಸಿನಕಾಯಿ ಮಾರಲು ಬಂದವರು, ಕೋರ್ಟಿನ ವಾಯಿದೆಗೆ ಬಂದವರು, ಕೊನೆಯ ಬಸ್ಸು ತಪ್ಪಿದವರು ರಾತ್ರಿ ತಲೆ ಊರಲು ಒಂದು ಜಾಗ ಬೇಕಿತ್ತು. ಆಮೇಲೆ ಚತುಷ್ಪಥ ಹೆದ್ದಾರಿ ಊರಿನ ಹೊರಗಿಂದ ಹೋಯಿತು. ಬಂದವರು ಅದೇ ದಿನ ಮರಳತೊಡಗಿದರು. ಪೇಟೆಯ ಧಾರಣೆ ಮೊಬೈಲಿನಲ್ಲೇ ತಿಳಿಯಿತು. 1997ರಲ್ಲಿ ಹಾವೇರಿ ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಆಮೇಲೆ ಪೇಟೆಯ ನಡುವಿನ ನೆಲದ ಬೆಲೆ ಅದರ ಮೇಲಿನ ಹಳೇ ಗೋಡೆಗಳ ಬೆಲೆಯನ್ನು ಮೀರಿತು. ಇದರಲ್ಲಿ ಯಾರ ತಪ್ಪೂ ಇಲ್ಲ.

ಹಾಗಾದರೆ ಉಳಿಸುವ ಮಾತೇಕೆ? ಹಳೆಯದೆಂಬ ಒಂದೇ ಕಾರಣಕ್ಕೆ ಯಾವುದೂ ಪೂಜ್ಯವಾಗುವುದಿಲ್ಲ. ಅತಿಥಿ ಸತ್ಕಾರದ ಮಾತು ಬಂದಾಗ ನಾವು ಮೊದಲು ನೆನೆಯುವುದು ಪಿತಾಮಹ ಅಬ್ರಹಾಮನನ್ನು. ಮಮ್ರೆಯ ಮರಗಳ ಬಳಿ, ಉರಿಬಿಸಿಲಿನಲ್ಲಿ, ಗುರುತಿಲ್ಲದ ಮೂವರಿಗೆ ಕಾಲು ತೊಳೆಯಲು ನೀರು ಕೊಟ್ಟು, ರೊಟ್ಟಿ ಮಾಡಿಸಿ, ಕರು ಕೊಯ್ಸಿ ಉಣಬಡಿಸಿದವನು ಆತ. ಅವನದು ಗುಡಾರ. ಅದರ ಒಂದು ಗೂಟವೂ ಉಳಿದಿಲ್ಲ. ಸತ್ಕಾರ ಉಳಿಯಲು ಕಟ್ಟಡ ಬೇಕೇಬೇಕೆಂದು ಹೇಳುವವರಿಗೆ ಆ ಗುಡಾರವೇ ಉತ್ತರ.

ಆದರೆ ಶುಭಸಂದೇಶ ನಮ್ಮನ್ನು ಅಷ್ಟಕ್ಕೇ ಬಿಡುವುದಿಲ್ಲ. ಸಂತ ಲೂಕರ ಗ್ರೀಕ್ ಮೂಲದಲ್ಲಿ ತಂಗುವ ಜಾಗಕ್ಕೆ ಎರಡು ಬೇರೆ ಬೇರೆ ಪದಗಳಿವೆ. ಬೆತ್ಲೆಹೇಮಿನಲ್ಲಿ ಮರಿಯ-ಜೋಸೆಫರಿಗೆ ಸ್ಥಳ ಸಿಗದೇ ಹೋದದ್ದು ‘ಕತಾಲುಮ’ದಲ್ಲಿ. ಯೇಸುಸ್ವಾಮಿ ಶಿಷ್ಯರೊಡನೆ ಕಡೆಯ ಭೋಜನಕ್ಕೆ ಕೇಳಿದ ಅತಿಥಿಕೋಣೆಗೂ ಅದೇ ಪದ. ಗಾಯಗೊಂಡವನನ್ನು ಸಮಾರಿಯದವನು ಕತ್ತೆಯ ಮೇಲೆ ಕರೆತಂದ ಛತ್ರಕ್ಕೆ ಮಾತ್ರ ‘ಪಾಂದೊಖೆಯೊನ್’ ಎಂಬ ಪದವಿದೆ. ಎಲ್ಲರನ್ನೂ ಸ್ವೀಕರಿಸುವ ತಾಣ ಎಂಬುದು ಅದರ ಮೂಲಾರ್ಥ. ಆ ಸಾಮತಿಯಲ್ಲಿ ನಾವು ಸಮಾರಿಯದವನನ್ನು ಹೊಗಳುತ್ತೇವೆ, ಯಾಜಕನನ್ನು ದೂರುತ್ತೇವೆ, ಛತ್ರದವನ ಹೆಸರನ್ನೇ ಎತ್ತುವುದಿಲ್ಲ. ಅವನು ದಾನಿಯಲ್ಲ, ವ್ಯಾಪಾರಿ. ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ, ಮುಂಗಡ ತೆಗೆದುಕೊಂಡ. ಮಿಕ್ಕಿದ್ದಕ್ಕೆ ಮಾತು ತೆಗೆದುಕೊಂಡ. ಹಾಗಿದ್ದೂ ರಕ್ತ ಸೋರುತ್ತಿದ್ದ ಅಪರಿಚಿತನೊಬ್ಬ ಬಂದಾಗ ಅವನ ಬಾಗಿಲು ತೆರೆದಿತ್ತು. ಆ ಬಾಗಿಲು ಇಲ್ಲದಿದ್ದರೆ ಸಮಾರಿಯದವನ ಕರುಣೆ ರಾತ್ರಿಯ ಹೊತ್ತಿಗೆ ರಸ್ತೆಯ ಮೇಲೇ ನಿಲ್ಲಬೇಕಾಗುತ್ತಿತ್ತು. ನಮ್ಮೂರಿನ ಹೋಟೆಲಿನವರು ಗಲ್ಲಾದಲ್ಲಿ ಕೂತು ಕಾಸು ಎಣಿಸುತ್ತಿದ್ದರು ಎಂಬ ಕಾರಣಕ್ಕೆ ಅವರ ಸೇವೆ ಸಣ್ಣದಾಗುವುದಿಲ್ಲ.

ನಾಲ್ಕನೆಯ ಶತಮಾನದಲ್ಲಿ ಸಂತ ಬೆಸಿಲರು ಕೈಸರೇಯದ ಹೊರಗೆ ರೋಗಿಗಳಿಗೂ ಪರದೇಶಿಗಳಿಗೂ ಒಂದೇ ಆವರಣದಲ್ಲಿ ಆಸರೆ ಕಟ್ಟಿಸಿದರು. ಸಂತ ಬೆನೆಡಿಕ್ಟರು ತಮ್ಮ ನಿಯಮದ 53ನೆಯ ಅಧ್ಯಾಯದಲ್ಲಿ, ಮಠಕ್ಕೆ ಬಂದ ಅತಿಥಿಯನ್ನು ಕ್ರಿಸ್ತರೆಂದೇ ಬರಮಾಡಿಕೊಳ್ಳಬೇಕೆಂದು ವಿಧಿಸಿದರು. ಹಾಸ್ಪಿಟಲ್, ಹಾಸ್ಟೆಲ್, ಹೋಟೆಲ್ ಈ ಮೂರೂ ಒಂದೇ ಲ್ಯಾಟಿನ್ ಬೇರಿನ ಚಿಗುರುಗಳು. ನಮ್ಮ ನಾಡಿನಲ್ಲಿ ಸತ್ರ, ಅರವಟ್ಟಿಗೆ, ಧರ್ಮಶಾಲೆ ಎಂಬ ಮಾತುಗಳು ಮಾಡುತ್ತಿದ್ದ ಕೆಲಸವೂ ಇದೇ.

ಇನ್ನು ಬೀಗ ಹಾಕಿದ ಕಟ್ಟಡಕ್ಕೆ ಬರೋಣ. ನೋಟ ಕಳೆದುಕೊಂಡ ಕಣ್ಣು ಹೆಸರಿಗೆ ಮಾತ್ರ ಕಣ್ಣು ಎಂದು ಅರಿಸ್ಟಾಟಲ್ ತರ್ಕಿಸುತ್ತಾನೆ. ಹಾಗೆ ನೋಡಿದರೆ ಯಾರೂ ತಂಗದ ವಸತಿಗೃಹ ಹೆಸರಿಗೆ ಮಾತ್ರ ವಸತಿಗೃಹ. ಅದು ಶವವಿದ್ದಂತೆ. ಆದರೆ ಕ್ರೈಸ್ತರಾದ ನಾವು ಶವವನ್ನು ತಿಪ್ಪೆಗೆ ಎಸೆಯುವವರಲ್ಲ. ಸತ್ತವರನ್ನು ಗೌರವದಿಂದ ಮಣ್ಣುಮಾಡುವುದು ನಮಗೆ ಕರುಣಾಕಾರ್ಯಗಳಲ್ಲಿ ಒಂದು. ಒಂದು ಜಾಗ ಒಮ್ಮೆ ಮಾಡಿದ ಒಳ್ಳೆಯ ಕೆಲಸ, ಆ ಕೆಲಸ ನಿಂತ ಮೇಲೂ ನಮ್ಮಿಂದ ಏನನ್ನೋ ಕೇಳುತ್ತದೆ. ಧರ್ಮಸಭೆಯ 1983ರ ಕಾನೂನು ಸಂಹಿತೆಯ 1222ನೆಯ ವಿಧಿ ಇದನ್ನು ಚೆನ್ನಾಗಿ ಗುರುತಿಸಿದೆ. ದೇವಾಲಯವೊಂದು ಆರಾಧನೆಗೆ ಯಾವ ರೀತಿಯಲ್ಲೂ ಒದಗದಂತಾಗಿ, ದುರಸ್ತಿಯೂ ಸಾಧ್ಯವಿಲ್ಲದಿದ್ದರೆ, ಧರ್ಮಾಧ್ಯಕ್ಷರು ಅದನ್ನು ಲೌಕಿಕ ಬಳಕೆಗೆ ಬಿಡಬಹುದು. ಆದರೆ ಹೀನ ಬಳಕೆಗಲ್ಲ. ಪೀಠ ಹೋದ ಮೇಲೂ ಗೋಡೆಗೆ ಒಂದು ಮರ್ಯಾದೆ ಉಳಿಯಿತು ಎಂದಾಯಿತು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಹಳೇ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. 1860ರ ಸುಮಾರಿಗೆ ಫ್ರೆಂಚ್ ಮಿಶನರಿಗಳು ಕಟ್ಟಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದು ಊರು ಖಾಲಿಯಾಯಿತು, ದೇವಾಲಯ ಮಳೆಗಾಲದಲ್ಲಿ ಮುಳುಗುತ್ತಾ ಬೇಸಿಗೆಯಲ್ಲಿ ಏಳುತ್ತಾ ನಿಂತಿತು. ಜನ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಗೋಡೆಯ ಮೇಲೆ ತಮ್ಮ ಹೆಸರು ಕೆತ್ತುತ್ತಾರೆ. ಆ ಕೆತ್ತನೆ ಕಂಡಾಗ ನಮಗಾಗುವ ಸಂಕಟಕ್ಕೆ ಕಾರಣವಿದೆ, ಅಲ್ಲವೇ? ಹೋಟೆಲು ಅಭಿಷೇಕವಾದ ಜಾಗವಲ್ಲ, ಒಪ್ಪಿದೆ. ಆದರೂ ಹೊರಗಿನವನಿಗೆ ‘ಒಳಗೆ ಬಾ’ ಎಂದ ಬಾಗಿಲು ಇಸ್ಪೀಟು-ಕುಡಿತದ ಅಡ್ಡೆಯಾಗುವುದನ್ನು ಕಂಡಾಗ ಆಗುವ ಸಂಕಟ ಅದೇ ಜಾತಿಯದು.

ಈಗ ಕಷ್ಟದ ಮಾತು. ಈ ಗೌರವದ ಖರ್ಚು ಯಾರದು? ‘ಅಯ್ಯೋ, ಆ ಕಟ್ಟಡ ಕೆಡವಬಾರದಿತ್ತು’ ಎಂದು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಹೇಳುವುದು ಸುಲಭ. ಹೆಂಚು ಬದಲಿಸುವವರು, ಪುರಸಭೆಯ ತೆರಿಗೆ ಕಟ್ಟುವವರು ಬೇರೆ. ಹಾವೇರಿಯ ಸಿದ್ಧೇಶ್ವರ ದೇವಾಲಯ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದರ ಆರೈಕೆಗೆ ಕಾನೂನಿದೆ, ಕಾವಲುಗಾರನಿದ್ದಾನೆ. ಕೇಂದ್ರದ 1958ರ ಕಾಯಿದೆಯ ಪ್ರಕಾರ ಒಂದು ಕಟ್ಟಡ ಪ್ರಾಚೀನ ಸ್ಮಾರಕವೆನಿಸಲು ಕನಿಷ್ಠ ನೂರು ವರ್ಷ ಹಳೆಯದಾಗಿರಬೇಕು. ಎಪ್ಪತ್ತು-ಎಂಬತ್ತು ವರ್ಷದ ಖಾಸಗಿ ಲಾಡ್ಜು ಅದರೊಳಗೆ ಬರುವುದಿಲ್ಲ. ಸೊತ್ತು ಇಟ್ಟುಕೊಳ್ಳುವ ಹಕ್ಕು ವ್ಯಕ್ತಿಗಿದೆ, ಆದರೆ ಅದರ ಪ್ರಯೋಜನ ಎಲ್ಲರಿಗೂ ತಲುಪುವಂತೆ ಅವನು ನೋಡಿಕೊಳ್ಳಬೇಕು ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಅದನ್ನೇ ಎತ್ತಿಹಿಡಿಯಿತು. ಇದನ್ನು ಮಾಲೀಕನ ತಲೆಗೆ ಬಡಿಯುವ ದೊಣ್ಣೆಯನ್ನಾಗಿ ಮಾಡಬಾರದು. ಊರಿನ ನೆನಪು ಊರಿನ ಆಸ್ತಿಯಾದರೆ ಅದರ ಸಾಲವೂ ಊರಿನದೇ. ಸಾಲದಲ್ಲಿ ಮುಳುಗಿದ ಮನೆಯವರನ್ನು ‘ಪರಂಪರೆ’ಯ ಹೆಸರಿನಲ್ಲಿ ಕಟ್ಟಿಹಾಕುವುದು ನ್ಯಾಯವಲ್ಲ.

ಪ್ರಾಣದ ಪ್ರಶ್ನೆ ಬಂದರಂತೂ ಮಾತೇ ಇಲ್ಲ. ಮೈಸೂರಿನಲ್ಲಿ ವೈಸ್‌ರಾಯ್ ಭೇಟಿಯ ನೆನಪಿಗೆ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಉಳಿಸಬೇಕೋ ಕೆಡವಬೇಕೋ ಎಂಬ ವಾದ ಆಮೇಲೆ ಒಂದು ದಶಕವನ್ನೂ ದಾಟಿತು. ನಿರ್ಧಾರ ಮಾಡದೆ ಕೂರುವುದು ಸಹ ಒಂದು ನಿರ್ಧಾರವೇ, ಅದೂ ತೀರಾ ಕೆಟ್ಟದ್ದು.

ಇನ್ನೊಂದು ವಿಷಯವನ್ನು ಮುಚ್ಚಿಡಲಾಗದು. ಹಳೇ ಹೋಟೆಲುಗಳ ಬಗ್ಗೆ ನಾವು ಬಾಯಿ ಚಪ್ಪರಿಸಿ ಮಾತಾಡುವಾಗ, ಆ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯುತ್ತೇವೆ. ಒಳಗೆ ಕೂರಬಾರದವರು ಇದ್ದರು. ಹೊರಗೆ ನಿಂತು, ಬೇರೆ ಲೋಟದಲ್ಲಿ ಚಹಾ ಕುಡಿದು, ಆ ಲೋಟವನ್ನು ತಾವೇ ತೊಳೆದಿಟ್ಟು ಹೋಗಬೇಕಾದವರಿದ್ದರು. ಸಂವಿಧಾನದ 15ನೆಯ ವಿಧಿ ಅಂಗಡಿ, ಬಾವಿ, ಕೆರೆಗಳ ಜೊತೆಗೆ ಹೋಟೆಲುಗಳ ಹೆಸರನ್ನೂ ಎತ್ತಿ ಹೇಳಿದ್ದು ಸುಮ್ಮನೆ ಅಲ್ಲ. ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ ಬರಲು ಮತ್ತೆ 1955ರವರೆಗೆ ಕಾಯಬೇಕಾಯಿತು. ನಮ್ಮ ನಾಡಿನ ಕ್ರೈಸ್ತ ದೇವಾಲಯಗಳಲ್ಲೂ ಕೆಲವೆಡೆ ಜಾತಿಗೊಂದು ಸಾಲು ಇತ್ತು, ಸಮಾಧಿಭೂಮಿಯಲ್ಲೂ ಗೆರೆ ಎಳೆಯಲಾಗಿತ್ತು. ಆದ್ದರಿಂದ ಬೆರಳು ತೋರಿಸುವ ಅವಸರ ನಮಗೆ ಬೇಡ. ಹಳೇ ಹೋಟೆಲನ್ನು ಉಳಿಸುವವರು ಒಳಗಿನ ಮರದ ಬೆಂಚನ್ನು ಉಳಿಸಿದಂತೆ ಹೊರಗಿನ ಕಟ್ಟೆಯನ್ನೂ ಉಳಿಸಲಿ, ಅಲ್ಲಿ ಯಾರು ಕೂರುತ್ತಿದ್ದರು, ಯಾಕೆ ಎಂದು ಬರೆದು ಹಾಕಲಿ. ಹೊರಗೆ ನಿಂತವರ ಮೊಮ್ಮಕ್ಕಳು ಇದೇ ಊರಿನಲ್ಲಿದ್ದಾರೆ. ಉಳಿಸುವ ಸಮಿತಿಯಲ್ಲಿ ಅವರ ಕುರ್ಚಿ ಎಲ್ಲಿ?

ಉಳಿಸುವುದೆಂದರೆ ಬಣ್ಣ ಬಳಿದು ಬೀಗ ಹಾಕುವುದಲ್ಲ. ಮೈಸೂರಿನ ಮಹಾರಾಜರು ತಮ್ಮ ಬ್ರಿಟಿಷ್ ಅತಿಥಿಗಳಿಗಾಗಿ ಕಟ್ಟಿಸಿದ ಮೆಟ್ರೋಪೋಲ್ ಹೋಟೆಲು ಕೆಲಕಾಲ ಮುಚ್ಚಿದ್ದು, ದುರಸ್ತಿಯಾಗಿ 2004ರಲ್ಲಿ ಮತ್ತೆ ತೆರೆಯಿತು. ಕಟ್ಟಡ ಬದುಕಿತು, ಸಂತೋಷ. ಆದರೆ ರಾತ್ರಿ ಬಸ್ಸು ತಪ್ಪಿದ ಬಡವನಿಗೆ ಅದು ಅಂದೂ ಇರಲಿಲ್ಲ, ಆಮೇಲೂ ಅಲ್ಲ. ನನ್ನ ಮನಸ್ಸು ಹೋಗುವುದು ಬೆಂಗಳೂರು ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಛತ್ರದ ಕಡೆ. ಆ ವ್ಯಾಪಾರಿ ತನ್ನ ಗಳಿಕೆಯನ್ನು ದತ್ತಿಗೆ ಕೊಟ್ಟು 1903ರಲ್ಲಿ ತೆರೆದ ಆಸರೆ ಅದು. ಇಂದಿಗೂ ಪ್ರಯಾಣಿಕರು ಅಲ್ಲಿ ಕಡಿಮೆ ಬಾಡಿಗೆಗೆ ತಂಗುತ್ತಾರೆ. ಅದನ್ನು ಉಳಿಸಿದ್ದು ಬಳಕೆ ಮತ್ತು ಪಾಲಾಗದಂತೆ ಬರೆದಿಟ್ಟ ದತ್ತಿ.

ನಮ್ಮಲ್ಲಿ ಬಳಕೆ ಇಲ್ಲವೆಂದು ಯಾರು ಹೇಳಿದರು? ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದರ ಕೆಂಪು ಲೋಕಪ್ರಸಿದ್ಧ. ಹಂಗಾಮಿನಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ರೈತರು ಲಾರಿ ಹತ್ತಿ ಬರುತ್ತಾರೆ. ಮಾಲು ಮಾರಾಟವಾಗುವವರೆಗೆ ಘಾಟು ಕುಡಿಯುತ್ತಾ ಚೀಲದ ಪಕ್ಕದಲ್ಲೇ ಮಲಗುವವರಿದ್ದಾರೆ. 2024ರ ಮಾರ್ಚ್ 11ರಂದು ಧಾರಣೆ ಕುಸಿದ ಸಿಟ್ಟಿಗೆ ಮಾರುಕಟ್ಟೆ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಒಂದು ಹಾಸಿಗೆ, ಒಂದು ಸ್ನಾನದ ಮನೆ ಆ ಸಿಟ್ಟನ್ನು ತಣಿಸುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ದೂರದೂರಿನ ರೈತ ಫರಸಿಯ ಮೇಲೆ ಮಲಗಿರುವಾಗ ಪೇಟೆಯ ಖೋಲಿಗಳು ಬಾವಲಿಗಳಿಗೆ ಮೀಸಲಾಗಿರುವುದು ಸರಿಯೇ? ಪುರಸಭೆಯೋ, ಮಾರುಕಟ್ಟೆ ಸಮಿತಿಯೋ, ವರ್ತಕರ ಸಂಘವೋ, ನಮ್ಮ ಧರ್ಮಕೇಂದ್ರಗಳೋ ಸೇರಿ ಅಂಥ ಒಂದು ಕಟ್ಟಡವನ್ನು ಮಾಲೀಕರಿಂದ ಹತ್ತಿಪ್ಪತ್ತು ವರ್ಷದ ಕರಾರಿಗೆ, ನ್ಯಾಯವಾದ ಬಾಡಿಗೆ ಕೊಟ್ಟು ಪಡೆಯಲಾಗದೇ? ಮೊದಲು ಇಂಜಿನಿಯರರಿಗೆ ಗೋಡೆ ತೋರಿಸಲಿ. ಅವರು ಆಗದು ಎಂದರೆ ಕೆಡವಲಿ. ಹೊಸದಾಗಿ ಕಟ್ಟುವಾಗ ನಾಲ್ಕು ಖೋಲಿಯನ್ನಾದರೂ ಪರಊರಿನವರಿಗೆ ಬಿಡಲಿ.

ಪಾಲಿನ ಪತ್ರಕ್ಕೆ ಸಹಿ ಹಾಕಲಿರುವ ಮನೆಗಳಿಗೆ ಇನ್ನೊಂದು ವಿನಂತಿ. ಗಲ್ಲಾದ ಕೆಳಗಿನ ಕಪಾಟಿನಲ್ಲಿ, ಗೆದ್ದಲು ಬಿಟ್ಟಿದ್ದರೆ, ತಂಗಿದವರ ಹೆಸರು, ಊರು, ಬಂದ ಕಾರಣ ಬರೆದ ದಪ್ಪ ರಿಜಿಸ್ಟರುಗಳು ಇರುತ್ತವೆ. ಅವನ್ನು ರದ್ದಿಯವನಿಗೆ ತೂಕಕ್ಕೆ ಹಾಕುವ ಮೊದಲು ಸೆಪ್ಟೆಂಬರ್ ತಿಂಗಳ ಪುಟಗಳನ್ನು ಒಮ್ಮೆ ತೆರೆದು ನೋಡಿರಿ. 8ನೇ ತಾರೀಖಿನ ಆರೋಗ್ಯ ಮಾತೆಯ ಹಬ್ಬಕ್ಕೆ ಹರಿಹರಕ್ಕೆ ಹೊರಟು, ದಾರಿಯಲ್ಲಿ ರಾಣೇಬೆನ್ನೂರಿನಲ್ಲಿ ಒಂದು ರಾತ್ರಿ ಕಳೆದ ನಿಮ್ಮ ಅಜ್ಜ-ಅಜ್ಜಿಯರ ಹೆಸರು ಅಲ್ಲಿ ಇದ್ದೀತು.