ಲೆಕ್ಕದೊಳಗಿನ ಧರ್ಮ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯ ರಚಿಸಿದ ‘ಗಣಿತಸಾರಸಂಗ್ರಹ’ದ ತುಂಬ ಬಡ್ಡಿ, ಚಿನ್ನದ ಬೆರಕೆ, ಹಣ್ಣಿನ ಹಂಚಿಕೆಯಂಥ ನಿತ್ಯದ ಲೆಕ್ಕಗಳಿವೆ. ಮೋಕ್ಷವೇ ಗುರಿಯಾದ ಧರ್ಮದ ವಿದ್ವಾಂಸನಿಗೆ ಸಂತೆ, ಸಾಲಗಳ ಗೊಡವೆ ಏಕೆ ಬೇಕಿತ್ತು? ಜೈನ ಗೃಹಸ್ಥನ ವ್ರತಗಳಲ್ಲೇ ಇದಕ್ಕೆ ಉತ್ತರವಿದೆ. ಅವನು ತನ್ನ ಆಸ್ತಿಗೆ ತಾನೇ ಮಿತಿ ಹಾಕಿಕೊಳ್ಳಬೇಕು. ತೂಕ, ಅಳತೆಯಲ್ಲಿ ಮೋಸ ಮಾಡಿದರೆ ಅಚೌರ್ಯ ವ್ರತಕ್ಕೆ ಕುಂದು. ಎಣಿಸಲು ಬಾರದವನು ಮಿತಿಯನ್ನು ಕಾಯುವುದಾದರೂ ಹೇಗೆ? ಆದ್ದರಿಂದ ಬದುಕಿನ ಲೆಕ್ಕ ಕಲಿಯುವುದು ನೀತಿಯ ಅಭ್ಯಾಸವೂ ಹೌದು.

ಲೆಕ್ಕ ಬಲ್ಲವರೇ ಹೆಚ್ಚು ಮೋಸ ಮಾಡುತ್ತಾರೆ, ಎಲ್ಲವನ್ನೂ ಎಣಿಸುವವನಲ್ಲಿ ಕರುಣೆ ಬತ್ತುತ್ತದೆ ಎಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಮೋಸಗಾರನ ಬಲವಿರುವುದು ಎದುರಿನವನ ಅಜ್ಞಾನದಲ್ಲಿ. ‘ತಿಂಗಳಿಗೆ ನೂರಕ್ಕೆ ಬರೀ ಮೂರು ರೂಪಾಯಿ’ ಎಂಬ ಮಾತು ಕಿವಿಗೆ ಹಗುರ. 10,000 ರೂಪಾಯಿ ಸಾಲಕ್ಕೆ ಅದು ವರ್ಷಕ್ಕೆ 3,600 ರೂಪಾಯಿ ಬಡ್ಡಿ. ಈ ಗುಣಾಕಾರ ಮಾಡಿದ ವಿದ್ಯಾರ್ಥಿಯ ಮುಂದೆ ಇನ್ನೊಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಕಷ್ಟದಲ್ಲಿರುವವನಿಂದ ಇಷ್ಟು ವಸೂಲಿ ಮಾಡುವುದು ನ್ಯಾಯವೇ? ಅದಕ್ಕೆ ಗಣಿತ ಉತ್ತರ ಕೊಡದು, ನಿಜ. ಆದರೆ ಅನ್ಯಾಯದ ಗಾತ್ರವನ್ನು ಮುಚ್ಚಿಡಲೂ ಬಿಡದು. ಕರುಣೆಗೆ ಕಣ್ಣು ಬೇಕು. ಶಾಲೆಯ ಗಣಿತ ಆ ಕಣ್ಣನ್ನು ತೆರೆಸಬೇಕು.