ಬಾಣದ ಗುರುತು

ಮೊಬೈಲಿನ ನಕ್ಷೆಯಲ್ಲಿ ಮುಧೋಳ ಎಂದು ಹುಡುಕಿದರೆ ಅದು ಸಾಮಾನ್ಯವಾಗಿ ಬಾಗಲಕೋಟೆ ಜಿಲ್ಲೆಗೆ, ಬೇಟೆನಾಯಿಗಳ ಊರಿಗೆ ಕರೆದೊಯ್ಯುತ್ತದೆ. ತೆಲಂಗಾಣದ ಗಡಿಗೆ ಹತ್ತಿರವಿರುವ ಸೇಡಂ ತಾಲ್ಲೂಕಿನ ನಮ್ಮ ಮುಧೋಳ ಸಿಗಬೇಕಾದರೆ ಇನ್ನಷ್ಟು ಬೆರಳಾಡಿಸಬೇಕು.

ಈಗ ಸಮಾಜ ಬದಲಿಸುವ ಯೋಜನೆಗಳಿಗೂ ಆನ್‌ಲೈನ್ ನಕ್ಷೆಗಳು ಬಂದಿವೆ. ಮಿರೊ, ಕುಮು ಮುಂತಾದ ಜಾಲತಾಣಗಳಲ್ಲಿ ಎಡಕ್ಕೆ ಹಣ ಮತ್ತು ಜನ, ನಡುವೆ ಕೆಲಸ, ಬಲಕ್ಕೆ ಫಲ ಎಂದು ಚೌಕ ಬಿಡಿಸಿ, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದರಾಯಿತು. ಇಂಥ ನಕ್ಷೆಗೆ 'ಥಿಯರಿ ಆಫ್ ಚೇಂಜ್' ಎನ್ನುತ್ತಾರೆ. ಆ ಮಾತನ್ನು 1995ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ಕ್ಯಾರಲ್ ವೈಸ್ ಅವರ ಕಣ್ಣೆಲ್ಲ ಇದ್ದದ್ದು ಆ ಬಾಣದ ಮೇಲೆ. ಇದಾದರೆ ಅದಾಗುತ್ತದೆ ಎಂದು ನಂಬಿದ್ದು ಯಾವ ಆಧಾರದಿಂದ?

ಚೌಕ ತುಂಬುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳಿಂದ ಅಳೆದು 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರ ಪಟ್ಟಿಯಲ್ಲಿ ಸೇಡಂ, ನೆರೆಯ ಚಿತ್ತಾಪುರ, ಚಿಂಚೋಳಿ ಮೂರೂ ಇದ್ದವು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಬಂತು. ಕೋಣೆ ಕಟ್ಟಿಸಿದರೆ ಮಕ್ಕಳು ಕಲಿಯುತ್ತಾರೆ ಎಂಬುದು ಒಂದು ಬಾಣ. ತೊಗರಿ ರಾಶಿ ಮುಗಿದು ತಾಂಡಾದ ಮಂದಿ ಕೂಸುಗಳನ್ನು ಕಟ್ಟಿಕೊಂಡು ಪುಣೆ, ಮುಂಬೈ, ಹೈದರಾಬಾದ್ ದಾರಿ ಹಿಡಿದರೆ ಕೋಣೆ ಇರುತ್ತದೆ, ಬಾಣವೂ ಇರುತ್ತದೆ, ಹುಡುಗಿ ಮಾತ್ರ ಇರುವುದಿಲ್ಲ. ಅವಳನ್ನು ಬಿಟ್ಟುಹೋಗಲು ಮನೆಯಲ್ಲಿ ಗಟ್ಟಿಯಾದ ಅಜ್ಜಿಯೊಬ್ಬಳು ಇದ್ದಾಳೋ ಇಲ್ಲವೋ ಎಂಬುದು 35 ಸೂಚಕಗಳಲ್ಲಿ ಯಾವುದಕ್ಕೂ ಸಿಕ್ಕುವ ಸಂಗತಿಯಲ್ಲ.

ಪರದೆಗಿಂತ ಮೊದಲು ನಕ್ಷೆ ಬಿಡಿಸುವ ಈ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ನೆಲವೇ ಸಾಕಾಗಿತ್ತು. 1980ರ ದಶಕದಲ್ಲಿ ರಾಜ್ಯ ಸರ್ಕಾರ, ಸ್ವಿಸ್ ನೆರವು ಮತ್ತು ಮೈರಾಡ ಸಂಸ್ಥೆ ಕೂಡಿ ಗುಲಬರ್ಗಾದಲ್ಲಿ 'ಪಿಡೊ' ಜಲಾನಯನ ಯೋಜನೆ ನಡೆಸಿದವು. ಮುಂದೆ ಮೈರಾಡ ಬೆಳೆಸಿದ ಸಹಭಾಗಿ ಸಮೀಕ್ಷೆಯಲ್ಲಿ ಹಳ್ಳಿಯವರೇ ಅಂಗಳದಲ್ಲಿ ಕುಳಿತು ರಂಗೋಲಿ ಹಿಟ್ಟು, ಕಾಳು, ಕಡ್ಡಿ, ಕಲ್ಲುಗಳಿಂದ ಊರು ಬಿಡಿಸುತ್ತಿದ್ದರು. 'ಹಂಗಲ್ಲ ತಗಿ, ನಾಲಾ ಈಕಡಿ ಅದಾ' ಎನ್ನುತ್ತ ಯಾರೋ ಎದ್ದುಬಂದು ಕಾಲಲ್ಲಿ ಒರೆಸಿಬಿಡಬಹುದಾದ ನಕ್ಷೆ ಅದು. ಓದು ಬಾರದವರಿಗೂ ಒರೆಸುವ ಹಕ್ಕಿತ್ತು. ಲ್ಯಾಪ್‌ಟಾಪ್ ಇರುವುದು ಒಬ್ಬರ ತೊಡೆಯ ಮೇಲೆ.

ಹಾಗೆಂದು ಪರದೆಯನ್ನು ಬೈಯುವ ಮನಸ್ಸಿಲ್ಲ. ಹಿಟ್ಟಿನ ನಕ್ಷೆ ಸಂಜೆಗೆ ಹಾರಿಹೋಗುತ್ತದೆ. ಪರದೆಯದು ವರ್ಷ ಕಳೆದರೂ ಉಳಿಯುತ್ತದೆ, ಕಳೆದ ಬಾರಿ ಏನು ಹೇಳಿದ್ದಿರಿ ಎಂದು ಕೇಳಲು ಬರುತ್ತದೆ. 2020ರ ಏಪ್ರಿಲ್ 24ರಿಂದ ಇ-ಗ್ರಾಮ ಸ್ವರಾಜ್ ಪೋರ್ಟಲ್ ಇದೆ, ಪಂಚಾಯಿತಿ ಯೋಜನೆಗಳೆಲ್ಲ ಅದಕ್ಕೆ ಏರುತ್ತವೆ. ಏರಿಸುವ ಮುಂಚೆ ಗ್ರಾಮಸಭೆಗೆ ಒಂದು ಡಬ್ಬಿ ರಂಗೋಲಿ ಹಿಟ್ಟು ತರಿಸಿದರೆ ಖರ್ಚೇನು ಮಹಾ? ಬಾಣಗಳನ್ನು ಗುಡಿಯ ಮುಂದಿನ ಅಂಗಳದಲ್ಲಿ ಎಳೆಯಲಿ, ವಲಸೆ ಹೋಗಿ ಬಂದವರು ಒಂದಿಷ್ಟು ಒರೆಸಲಿ. ಉಳಿದದ್ದನ್ನು ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ, ಗಾಳಿ ಬರುವುದರೊಳಗೆ.